ಅಮೆರಿಕದ ಕೌಂಟಿ ಕೋರ್ಟಿನಿಂದ ಸಿವಿಲ್ ದಾಖಲೆ ತರಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ವಿಚ್ಛೇದನದ ಡಿಕ್ರಿ, ಹೆಸರು ಬದಲಾವಣೆಯ ಆದೇಶ, ಹಣದ ದಾವೆಯ ತೀರ್ಪು. ಅಮೆರಿಕದ ಕೋರ್ಟಿನ ಇಂಥ ಒಂದು ಕಾಗದಕ್ಕಾಗಿ ತಿಂಗಳುಗಟ್ಟಲೆ ಅಲೆಯುವವರ ಕಷ್ಟ ಹೆಚ್ಚಾಗಿ ಒಂದೇ ನಮೂನೆಯದು. ಮೊದಲು ಯಾವುದೋ ಕಚೇರಿಗೆ ಅರ್ಜಿ ಹಾಕುತ್ತಾರೆ. ಅದು ವಾಪಸು ಬಂದ ಮೇಲೆ ಪ್ರಕರಣ ಸಂಖ್ಯೆ ಹುಡುಕುತ್ತಾರೆ. ಹೇಗೋ ಕಾಗದ ಕೈಗೆ ಬಂದ ಮೇಲೆ ಊರಿನ ವಕೀಲರನ್ನು ‘ಇದು ಸಾಕೇ?’ ಎಂದು ಕೇಳುತ್ತಾರೆ. ಕೆಲಸ ಆಗಬೇಕಾದರೆ ಈ ಕ್ರಮ ತಲೆಕೆಳಗಾಗಬೇಕು: ವಕೀಲರ ಪ್ರಶ್ನೆ ಮೊದಲು, ಸಂಖ್ಯೆ ಆಮೇಲೆ, ಅರ್ಜಿ ಕೊನೆಗೆ.

ಇಲ್ಲಿ ಕ್ಯಾಲಿಫೋರ್ನಿಯವನ್ನು, ಅದರಲ್ಲೂ ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಸಾಂತಾ ಕ್ಲಾರಾ ಕೌಂಟಿಯ ಸುತ್ತಮುತ್ತಲನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥದ್ದು. ಬೇರೆ ರಾಜ್ಯಗಳಲ್ಲಿ ದಾರಿ ಕವಲೊಡೆಯುವ ಕಡೆ ಅದನ್ನೂ ಹೇಳುತ್ತೇನೆ. ಇದು ಕಾನೂನು ಸಲಹೆ ಅಲ್ಲ, ಕಾಗದ ತರಿಸುವ ವಿಧಾನ ಅಷ್ಟೇ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ಪ್ರಕರಣದ ಇಬ್ಬರೂ ಪಕ್ಷಗಾರರ ಹೆಸರು, ಆ ಕಾಲದ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆದದ್ದು. ದಾವೆ ಹೂಡಿದ ವರ್ಷ, ಹೆಚ್ಚುಕಡಿಮೆಯಾದರೂ ಸರಿ. ಆಗ ವಾಸವಿದ್ದ ಮನೆಯ ವಿಳಾಸ, ಪಿನ್‌ಕೋಡ್ ಸಮೇತ. ಕೋರ್ಟಿನಿಂದಲೋ ವಕೀಲರಿಂದಲೋ ಬಂದ ಯಾವುದೇ ಹಳೆಯ ಪತ್ರ, ಮಿಂಚಂಚೆ, ರಸೀದಿ. ಅಮೆರಿಕದ ಬ್ಯಾಂಕಿನ ಚೆಕ್ ಬರೆದುಕೊಡಬಲ್ಲ ಒಬ್ಬ ಪರಿಚಿತರು. ಕೊನೆಯದು ಸಣ್ಣ ವಿಷಯದಂತೆ ಕಾಣುತ್ತದೆ. ಭಾರತದಿಂದ ಅರ್ಜಿ ಹಾಕುವವರು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅಲ್ಲೇ.

ಹಂತ 1: ಕಾಗದ ಯಾರಿಗೆ ಬೇಕು, ಯಾವ ಬಗೆಯದು ಬೇಕು

ಕೌಂಟಿ ಕೋರ್ಟು ಒಂದೇ ದಾಖಲೆಯನ್ನು ಬೇರೆ ಬೇರೆ ರೂಪದಲ್ಲಿ ಕೊಡುತ್ತದೆ. ಸಾದಾ ಪ್ರತಿ ಎಂದರೆ ಬರಿಯ ಜೆರಾಕ್ಸ್, ನಿಮ್ಮ ಓದಿಗೆ ಸಾಕು. ಸರ್ಟಿಫೈಡ್ ಪ್ರತಿಯ ಮೇಲೆ ಕೋರ್ಟಿನ ಮುದ್ರೆ, ಕ್ಲರ್ಕ್ ಸಹಿ, ‘ಮೂಲದ ನಿಜವಾದ ಪ್ರತಿ’ ಎಂಬ ಹೇಳಿಕೆ ಇರುತ್ತವೆ. ಮೂರನೆಯದು ಎಕ್ಸೆಂಪ್ಲಿಫೈಡ್ ಪ್ರತಿ. ಅದಕ್ಕೆ ಕ್ಲರ್ಕ್ ಜೊತೆಗೆ ನ್ಯಾಯಾಧೀಶರ ದೃಢೀಕರಣವೂ ಸೇರುತ್ತದೆ. ಅಮೆರಿಕದ ಒಂದು ರಾಜ್ಯದ ತೀರ್ಪನ್ನು ಇನ್ನೊಂದು ರಾಜ್ಯದಲ್ಲಿ ಬಳಸುವಾಗ ಇದನ್ನು ಕೇಳುವುದುಂಟು.

ಕರ್ನಾಟಕದ ಕೋರ್ಟಿಗೋ ಸರ್ಕಾರಿ ಕಚೇರಿಗೋ ಕೊಡಬೇಕಾದರೆ ಸಾಮಾನ್ಯವಾಗಿ ಸರ್ಟಿಫೈಡ್ ಪ್ರತಿ ತೆಗೆದುಕೊಂಡು ಅದರ ಮೇಲೆ ಅಪೊಸ್ಟಿಲ್ (ಕ್ಲರ್ಕ್ ಸಹಿ ನಿಜವಾದದ್ದು ಎಂದು ಆ ರಾಜ್ಯ ಕೊಡುವ ದೃಢೀಕರಣದ ಹಾಳೆ) ಮಾಡಿಸಬೇಕು. ಜೆರಾಕ್ಸ್ ಸಾಕಾಗುತ್ತದೆ ಎಂದುಕೊಳ್ಳುವವರು ಒಂದು ಪ್ರಕರಣವನ್ನು ನೆನಪಿನಲ್ಲಿಡಬೇಕು. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಕೌಂಟಿ ಕೋರ್ಟು ಕೊಟ್ಟ ವಿಚ್ಛೇದನದ ಡಿಕ್ರಿಯೊಂದು 1991ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅದನ್ನು ಮಾನ್ಯ ಮಾಡದಿರಲು ನ್ಯಾಯಾಲಯ ಕೊಟ್ಟ ದೊಡ್ಡ ಕಾರಣಗಳು ಅಧಿಕಾರವ್ಯಾಪ್ತಿಗೂ ಹಿಂದೂ ವಿವಾಹ ಕಾಯ್ದೆಗೂ ಸಂಬಂಧಿಸಿದವು. ಅವುಗಳ ಜೊತೆಗೆ, ಆಗಿನ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ ಪ್ರಮಾಣೀಕರಣವಿಲ್ಲದ ಬರಿಯ ಫೋಟೋಸ್ಟಾಟ್ ಪ್ರತಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದು ಎಂದೂ ಹೇಳಿತು.

ಆದ್ದರಿಂದ ಮೊದಲ ಫೋನು ಅಮೆರಿಕಕ್ಕೆ ಅಲ್ಲ, ಕಾಗದ ಪಡೆಯುವ ವಕೀಲರಿಗೆ ಅಥವಾ ಕಚೇರಿಗೆ. ಮೂರು ಪ್ರಶ್ನೆ ಕೇಳಿ: ಯಾವ ದಾಖಲೆ, ಎಂಥ ದೃಢೀಕರಣ, ಎಷ್ಟು ಪ್ರತಿ. ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಇನ್ನೊಂದು ಮಾತು: ಮುದ್ರೆ ಬಿದ್ದ ಮಾತ್ರಕ್ಕೆ ಆ ತೀರ್ಪು ಭಾರತದಲ್ಲಿ ತಾನಾಗಿ ಜಾರಿಯಾಗುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಕಲಂ ವಿದೇಶಿ ತೀರ್ಪಿಗೆ ಹಲವು ಪರೀಕ್ಷೆಗಳನ್ನು ಒಡ್ಡುತ್ತದೆ. 44ಎ ಕಲಮಿನ ಅಡಿಯಲ್ಲಿ ನೇರ ಜಾರಿಗೆ ಅಧಿಸೂಚಿತವಾದ ದೇಶಗಳ ಪಟ್ಟಿಯಲ್ಲಿ ಅಮೆರಿಕ ಇಲ್ಲ. ಕಾಗದಕ್ಕೆ ಖರ್ಚು ಮಾಡುವ ಮುಂಚೆ ಈ ಮಾತನ್ನೂ ವಕೀಲರೊಂದಿಗೆ ಆಡಿ ಮುಗಿಸಿ.

ಹಂತ 2: ಕೌಂಟಿ ಯಾವುದು, ದಾಖಲೆ ಯಾರ ಬಳಿ ಇದೆ

ನಮ್ಮಲ್ಲಿ ಇ-ಕೋರ್ಟ್ಸ್ ಜಾಲತಾಣಕ್ಕೆ ಹೋಗಿ ಸಿಎನ್‌ಆರ್ ಸಂಖ್ಯೆ ಹಾಕಿದರೆ ಕಲಬುರಗಿಯ ಪ್ರಕರಣವಾಗಲಿ ಕಾರವಾರದ್ದಾಗಲಿ ತೆರೆದುಕೊಳ್ಳುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಅಂಥ ಒಂದೇ ಬಾಗಿಲು ಇಲ್ಲ. ಕ್ಯಾಲಿಫೋರ್ನಿಯ ಒಂದರಲ್ಲೇ 58 ಕೌಂಟಿಗಳಿವೆ. ಪ್ರತಿಯೊಂದಕ್ಕೂ ತನ್ನದೇ ಸುಪೀರಿಯರ್ ಕೋರ್ಟು (ಅಲ್ಲಿನ ವಿಚಾರಣಾ ನ್ಯಾಯಾಲಯದ ಹೆಸರು ಇದು), ತನ್ನದೇ ಹುಡುಕಾಟದ ತಾಣ, ತನ್ನದೇ ಅರ್ಜಿ ನಮೂನೆ. ಹಾಗಾಗಿ ಕೌಂಟಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ.

ಊರ ಹೆಸರಿನಿಂದ ಕೌಂಟಿಯನ್ನು ಊಹಿಸಬೇಡಿ. ಸನ್ನಿವೇಲ್, ಕ್ಯೂಪರ್ಟಿನೊ, ಸ್ಯಾನ್ ಹೋಸೆ ಇವು ಸಾಂತಾ ಕ್ಲಾರಾ ಕೌಂಟಿಗೆ ಸೇರಿದವು. ಫ್ರೀಮಾಂಟ್ ಮತ್ತು ಡಬ್ಲಿನ್ ಅಲಮೀಡಾ ಕೌಂಟಿಯವು. ಡಬ್ಲಿನ್ನಿಗೆ ಅಂಟಿಕೊಂಡೇ ಇರುವ ಸ್ಯಾನ್ ರಮೋನ್ ಮಾತ್ರ ಕಾಂಟ್ರಾ ಕೋಸ್ಟಾ ಕೌಂಟಿ. ಟೆಕ್ಸಾಸಿನ ಫ್ರಿಸ್ಕೊ ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿಕೊಂಡಿದೆ. ಹಳೆಯ ವಿಳಾಸವನ್ನು ಪಿನ್‌ಕೋಡ್ ಸಮೇತ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಪ್ರಕರಣ ಯಾವ ಕೌಂಟಿಯಲ್ಲಿ ದಾಖಲಾಗಿರಬಹುದು ಎಂಬುದಕ್ಕೂ ನಿಯಮವಿದೆ. ಕ್ಯಾಲಿಫೋರ್ನಿಯದಲ್ಲಿ ವಿಚ್ಛೇದನದ ಅರ್ಜಿ ಹಾಕಲು ಗಂಡ ಹೆಂಡತಿಯರಲ್ಲಿ ಒಬ್ಬರಾದರೂ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ವಾಸವಿದ್ದಿರಬೇಕು. ಮದುವೆ ಎಲ್ಲಿ ನಡೆಯಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸ್ಥಿರಾಸ್ತಿಯ ದಾವೆಯಾದರೆ ಆಸ್ತಿ ಇರುವ ಕೌಂಟಿ. ಹಣದ ದಾವೆಯಾದರೆ ಮೊದಲು ಪ್ರತಿವಾದಿ ವಾಸವಿದ್ದ ಕೌಂಟಿಯನ್ನು ನೋಡಿ.

ಕೌಂಟಿ ಗೊತ್ತಾದ ಮೇಲೂ ಕಚೇರಿ ತಪ್ಪುವುದುಂಟು. ಕ್ಯಾಲಿಫೋರ್ನಿಯದ ‘ಕೌಂಟಿ ಕ್ಲರ್ಕ್-ರೆಕಾರ್ಡರ್’ ಕಚೇರಿಯಲ್ಲಿ ಆಸ್ತಿಪತ್ರಗಳೂ ಮದುವೆ ದಾಖಲೆಗಳೂ ಇರುತ್ತವೆಯೇ ಹೊರತು ಕೋರ್ಟಿನ ಕಡತಗಳಲ್ಲ. ಕಡತ ಇರುವುದು ಸುಪೀರಿಯರ್ ಕೋರ್ಟಿನ ಕ್ಲರ್ಕ್ ಬಳಿ. ಸಾಂತಾ ಕ್ಲಾರಾದಲ್ಲಿ ಸಿವಿಲ್ ಪ್ರಕರಣಗಳು ಸ್ಯಾನ್ ಹೋಸೆಯ ಡೌನ್‌ಟೌನ್ ಕೋರ್ಟಿನಲ್ಲಿ, ಕೌಟುಂಬಿಕ ಪ್ರಕರಣಗಳು ಅದೇ ಬೀದಿಯ ಫ್ಯಾಮಿಲಿ ಜಸ್ಟಿಸ್ ಸೆಂಟರ್‌ನಲ್ಲಿ ನಡೆಯುತ್ತವೆ.

ಟೆಕ್ಸಾಸಿನಲ್ಲಿ ಕ್ಲರ್ಕ್‌ಗಳೇ ಇಬ್ಬರು. ವಿಚ್ಛೇದನದ ಕಡತ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ, ಮದುವೆ ಪರವಾನಗಿ ಮತ್ತು ಆಸ್ತಿಪತ್ರಗಳು ಕೌಂಟಿ ಕ್ಲರ್ಕ್ ಬಳಿ. ನ್ಯೂಯಾರ್ಕಿನದು ಇನ್ನೂ ವಿಚಿತ್ರ. ಅಲ್ಲಿ ‘ಸುಪ್ರೀಂ ಕೋರ್ಟ್’ ಎಂದರೆ ವಿಚಾರಣಾ ನ್ಯಾಯಾಲಯ, ಅದರ ಕಡತಗಳನ್ನು ಕಾಯುವವರು ಕೌಂಟಿ ಕ್ಲರ್ಕ್. ಡಿಕ್ರಿಯ ಮೇಲೆ ಸುಪ್ರೀಂ ಕೋರ್ಟ್ ಎಂದು ಇರುವುದನ್ನು ಕಂಡು ವಾಷಿಂಗ್ಟನ್ನಿಗೆ ಪತ್ರ ಬರೆಯಬೇಡಿ.

ಜನನ ಮರಣ ನೋಂದಣಿ ಇಲಾಖೆಯ ಕಡೆಗೂ ಹಲವರು ಓಡುತ್ತಾರೆ. ಕ್ಯಾಲಿಫೋರ್ನಿಯದ ಆ ಇಲಾಖೆಯಲ್ಲಿ ಇರುವುದು 1962ರಿಂದ 1984ರ ಜೂನ್‌ವರೆಗಿನ ವಿಚ್ಛೇದನಗಳ ನಮೂದು ಮಾತ್ರ. ಅಲ್ಲಿಯೂ ಸಿಗುವುದು ಒಂದು ಪ್ರಮಾಣಪತ್ರ, ಡಿಕ್ರಿ ಅಲ್ಲ.

ಹಂತ 3: ಪ್ರಕರಣ ಸಂಖ್ಯೆ ಹಿಡಿಯುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು. ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಆದಂತೆ. ಸಂಖ್ಯೆ ಇಲ್ಲದೆ ಕಳಿಸಿದ ಅರ್ಜಿಗೆ ಕ್ಲರ್ಕ್ ಹುಡುಕಾಟದ ಶುಲ್ಕ ಹಾಕುತ್ತಾರೆ, ಇಲ್ಲವೇ ಅದನ್ನು ಹಾಗೆಯೇ ಹಿಂದಿರುಗಿಸುತ್ತಾರೆ.

ಮೊದಲು ಮನೆಯಲ್ಲೇ ಹುಡುಕಿ. ವಕೀಲರ ಮಿಂಚಂಚೆಯ ವಿಷಯದ ಸಾಲಿನಲ್ಲಿ, ಶುಲ್ಕದ ರಸೀದಿಯಲ್ಲಿ, ಸಮನ್ಸಿನ ಬಲ ಮೇಲ್ಮೂಲೆಯಲ್ಲಿ ಸಂಖ್ಯೆ ಇರುವ ಸಾಧ್ಯತೆ ಹೆಚ್ಚು. ಸಂಖ್ಯೆಯ ಅಕ್ಷರಗಳೇ ಎಷ್ಟೋ ಹೇಳುತ್ತವೆ. ಸಾಂತಾ ಕ್ಲಾರಾದಲ್ಲಿ ಮೊದಲ ಎರಡು ಅಂಕಿ ವರ್ಷ, ಆಮೇಲೆ ಬರುವ ‘ಸಿವಿ’ ಎಂದರೆ ಸಿವಿಲ್, ‘ಎಫ್‌ಎಲ್’ ಎಂದರೆ ಕೌಟುಂಬಿಕ. ಲಾಸ್ ಏಂಜಲೀಸ್‌ನಲ್ಲಿ ವರ್ಷದ ಅಂಕಿಗಳಾದ ಮೇಲೆ ‘ಎಸ್‌ಟಿಸಿವಿ’ ಎಂದಿದ್ದರೆ ಅದು ನಗರದ ಮಧ್ಯದ ಸ್ಟ್ಯಾನ್ಲಿ ಮಾಸ್ಕ್ ಕೋರ್ಟಿನ ಸಿವಿಲ್ ಪ್ರಕರಣ. ಅದೇ ಕೋರ್ಟಿನ ಹಳೆಯ ಪ್ರಕರಣಗಳು ಹೆಚ್ಚಾಗಿ ‘ಬಿಸಿ’ (ಸಿವಿಲ್), ‘ಬಿಡಿ’ (ವಿಚ್ಛೇದನ) ಎಂಬ ಅಕ್ಷರಗಳಿಂದ ಶುರುವಾಗುತ್ತವೆ. ಅಕ್ಷರ ಬಿಟ್ಟು ಅಂಕಿ ಮಾತ್ರ ಬರೆದರೆ ಪ್ರಕರಣ ತೆರೆಯುವುದಿಲ್ಲ.

ಮನೆಯಲ್ಲಿ ಸಿಗದಿದ್ದರೆ ಕೌಂಟಿ ಕೋರ್ಟಿನ ಜಾಲತಾಣದಲ್ಲಿ ಹೆಸರಿನಿಂದ ಹುಡುಕಬೇಕು. ತಾಣದ ವಿಳಾಸವನ್ನು ಗೂಗಲ್‌ನಲ್ಲಿ ಬಂದ ಮೊದಲ ಕೊಂಡಿಯಿಂದ ಹಿಡಿಯಬೇಡಿ. ರಾಜ್ಯದ ನ್ಯಾಯಾಂಗದ ಅಧಿಕೃತ ತಾಣಕ್ಕೆ ಹೋಗಿ, ಅಲ್ಲಿರುವ ಕೋರ್ಟುಗಳ ಪಟ್ಟಿಯಿಂದ ಕೌಂಟಿಯನ್ನು ತೆರೆಯಿರಿ. ಹುಡುಕಾಟದ ಫಲಿತಾಂಶದಲ್ಲಿ ಎಲ್ಲಕ್ಕೂ ಮೇಲೆ ಬರುವುದು ಹೆಚ್ಚಾಗಿ ‘ಸಾರ್ವಜನಿಕ ದಾಖಲೆ’ ಮಾರುವ ಖಾಸಗಿ ಅಂಗಡಿಗಳ ಜಾಹೀರಾತು. ಅವು ಹೆಸರು ಹಾಕಿದ ಕೂಡಲೇ ‘ದಾಖಲೆ ಸಿಕ್ಕಿದೆ’ ಎಂದು ತೋರಿಸಿ ಕಾರ್ಡಿನ ವಿವರ ಕೇಳುತ್ತವೆ. ಪ್ರಕರಣ ಸಂಖ್ಯೆ ಕಾಣಿಸುವ ಮುಂಚೆಯೇ ಮಾಸಿಕ ಚಂದಾ ಕೇಳಿದರೆ, ಯಾವ ಕೌಂಟಿ ಎಂದೇ ಕೇಳದಿದ್ದರೆ, ತಾವೇ ಸರ್ಟಿಫೈಡ್ ಪ್ರತಿ ಕೊಡುತ್ತೇವೆ ಎಂದರೆ ಹೊರಗೆ ಬನ್ನಿ. ಕೋರ್ಟಿನ ದಾಖಲೆಯನ್ನು ದೃಢೀಕರಿಸುವ ಅಧಿಕಾರ ಆ ದಾಖಲೆ ಕಾಯುವ ಕ್ಲರ್ಕ್‌ಗೆ ಮಾತ್ರ. ಅಧಿಕೃತ ತಾಣಗಳೂ ಎಲ್ಲ ಕಡೆ ಉಚಿತವಲ್ಲ ಎಂಬುದನ್ನೂ ಹೇಳಬೇಕು. ಲಾಸ್ ಏಂಜಲೀಸ್ ಕೋರ್ಟು ಹೆಸರಿನ ಹುಡುಕಾಟಕ್ಕೆ ಶುಲ್ಕ ತೆಗೆದುಕೊಳ್ಳುತ್ತದೆ.

ಇನ್ನು ಹೆಸರಿನ ವಿಷಯ. ಕನ್ನಡಿಗರ ಹುಡುಕಾಟ ಕೆಡುವುದು ಇಲ್ಲಿ, ಆದ್ದರಿಂದ ನಿಧಾನಿಸುತ್ತೇನೆ. ಅಲ್ಲಿನ ಸೂಚಿ ಕುಲನಾಮ ಮೊದಲು, ಮೊದಲ ಹೆಸರು ಆಮೇಲೆ ಎಂಬ ಲೆಕ್ಕದ ಮೇಲೆ ನಿಂತಿದೆ. ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇಲ್ಲ. ಇರುವುದು ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ತನ್ನ ಹೆಸರು. ಹಾಸನ ರಾಮಪ್ಪ ಸುರೇಶ ಎಂಬಂಥ ಹೆಸರು ಒಂದು ಕಡತದಲ್ಲಿ ಸುರೇಶ ಎಂಬ ಕುಲನಾಮದಡಿ, ಇನ್ನೊಂದರಲ್ಲಿ ರಾಮಪ್ಪ ಎಂಬ ಕುಲನಾಮದಡಿ, ಮತ್ತೊಂದರಲ್ಲಿ ಹಾಸನ ಎಂಬುದರಡಿ ಇರಬಹುದು. ಮೂರನ್ನೂ ಹುಡುಕಿ. ಪಾಸ್‌ಪೋರ್ಟಿನ ಕುಲನಾಮದ ಕಲಂ ಖಾಲಿ ಇದ್ದವರ ಅಮೆರಿಕದ ವೀಸಾದಲ್ಲಿ ಪೂರ್ತಿ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರ ಕೂರುತ್ತವೆ. ಮೊದಲ ಹೆಸರು ತಿಳಿದಿಲ್ಲ ಎಂಬುದರ ಸಂಕ್ಷೇಪ ಅದು. ಅದೇ ಬ್ಯಾಂಕಿಗೆ, ಬಾಡಿಗೆ ಕರಾರಿಗೆ, ಅಲ್ಲಿಂದ ದಾವೆಗೆ ಹರಿದುಬರುತ್ತದೆ. ಹಾಗಾಗಿ ಮೊದಲ ಹೆಸರಿನ ಜಾಗದಲ್ಲಿ ಆ ಮೂರು ಅಕ್ಷರ ಹಾಕಿಯೂ ಒಮ್ಮೆ ನೋಡಬೇಕು.

ಕಾಗುಣಿತ ಇನ್ನೊಂದು ತೊಡಕು. ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ‘ಡಬ್ಲ್ಯು’ ಹಾಕಿಯೂ ‘ಯು’ ಹಾಕಿಯೂ ಬರೆಯುತ್ತಾರೆ. ಲಕ್ಷ್ಮಿಗೆ ‘ಎಕ್ಸ್’ ಒಂದು ರೂಪ, ‘ಕೆಎಸ್‌ಎಚ್’ ಇನ್ನೊಂದು. ಮೂರ್ತಿಗೆ ಕನಿಷ್ಠ ಮೂರು ರೂಪಗಳಿವೆ. ನಾಗರಾಜನ ಕೊನೆಗೆ ‘ಎ’ ಇರಬಹುದು, ಇಲ್ಲದಿರಬಹುದು. ತಾಣ ನಕ್ಷತ್ರ ಚಿಹ್ನೆಯನ್ನು ಒಪ್ಪಿದರೆ ಹೆಸರಿನ ಮೊದಲ ನಾಲ್ಕೈದು ಅಕ್ಷರ ಬರೆದು ಚಿಹ್ನೆ ಹಾಕಿ. ಮದುವೆಯ ನಂತರ ಹೆಸರು ಬದಲಿಸಿಕೊಂಡವರ ಎರಡೂ ಹೆಸರು ನೋಡಿ. ಇಷ್ಟಾದರೂ ಸಿಗದಿದ್ದರೆ ಎದುರು ಪಕ್ಷದ ಹೆಸರಿನಿಂದ ಬನ್ನಿ. ಬ್ಯಾಂಕು ಅಥವಾ ಮನೆ ಬಾಡಿಗೆ ಸಂಸ್ಥೆಯಾದರೆ ವ್ಯಕ್ತಿಯ ಬದಲು ಸಂಸ್ಥೆ ಎಂಬ ಆಯ್ಕೆ ಒತ್ತುವುದನ್ನು ಮರೆಯಬೇಡಿ.

ಹುಡುಕಾಟ ಬರಿದಾದರೆ ಪ್ರಕರಣವೇ ಇಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಕ್ಯಾಲಿಫೋರ್ನಿಯದ ಕೋರ್ಟು ನಿಯಮ 2.503ರ ಪ್ರಕಾರ ಕೌಟುಂಬಿಕ ಪ್ರಕರಣ, ಸಿವಿಲ್ ಕಿರುಕುಳದ ಪ್ರಕರಣ ಮುಂತಾದವುಗಳ ಕಾಗದಗಳನ್ನು ಸಾರ್ವಜನಿಕರು ಕೋರ್ಟಿನ ಕಟ್ಟಡದೊಳಗೆ ನೋಡಬಹುದು, ದೂರದಿಂದ ಅಲ್ಲ. ಬಾಡಿಗೆದಾರರನ್ನು ತೆರವುಗೊಳಿಸುವ ಪ್ರಕರಣಗಳನ್ನು ಕಾನೂನೇ ಶುರುವಿನಲ್ಲಿ ಸಾರ್ವಜನಿಕರಿಂದ ಮುಚ್ಚಿಡುತ್ತದೆ. ದಾವೆ ಹೂಡಿದ 60 ದಿನದೊಳಗೆ ಮಾಲೀಕರ ಪರ ತೀರ್ಪು ಬರದಿದ್ದರೆ ಅದು ಮುಚ್ಚಿಯೇ ಇರುತ್ತದೆ, ಪಕ್ಷಗಾರರಂಥ ಕೆಲವರಿಗೆ ಮಾತ್ರ ಸಿಗುತ್ತದೆ.

ಪೇಸರ್ ಎಂಬ ತಾಣದಲ್ಲಿ ಸಮಯ ಕಳೆಯಬೇಡಿ. ಅದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ ವ್ಯವಸ್ಥೆಯ ಕೋರ್ಟುಗಳದು. ದಿವಾಳಿ ಪ್ರಕರಣ ಅಲ್ಲಿರುತ್ತದೆ, ಕೌಂಟಿಯ ವಿಚ್ಛೇದನ ಇರುವುದಿಲ್ಲ. ಕೌಂಟಿಯಲ್ಲಿ ಶುರುವಾದ ದಾವೆ ಆಮೇಲೆ ಫೆಡರಲ್ ಕೋರ್ಟಿಗೆ ವರ್ಗವಾಗಿದ್ದರೆ ಮಾತ್ರ ಅಲ್ಲಿಗೆ ಹೋಗಬೇಕು.

ಹಂತ 4: ರಿಜಿಸ್ಟರ್ ಆಫ್ ಆಕ್ಷನ್ಸ್ ಓದುವುದು

ಸಂಖ್ಯೆ ಸಿಕ್ಕ ಕೂಡಲೇ ಅರ್ಜಿ ಬರೆಯಬೇಡಿ. ಪ್ರಕರಣದ ದಿನಚರಿಯಂಥ ಪಟ್ಟಿಯೊಂದು ಇರುತ್ತದೆ. ಕ್ಯಾಲಿಫೋರ್ನಿಯದಲ್ಲಿ ಅದರ ಹೆಸರು ರಿಜಿಸ್ಟರ್ ಆಫ್ ಆಕ್ಷನ್ಸ್, ಬೇರೆ ಕಡೆ ಡಾಕೆಟ್. ಯಾವ ದಿನ ಯಾವ ಕಾಗದ ಸಲ್ಲಿಕೆಯಾಯಿತು, ಯಾವ ಆದೇಶ ಬಂತು ಎಂಬುದು ಸಾಲುಸಾಲಾಗಿ ಇರುತ್ತದೆ. ಇದನ್ನು ಮುದ್ರಿಸಿಕೊಂಡು ನಿಮಗೆ ಬೇಕಾದ ಸಾಲಿಗೆ ಗುರುತು ಹಾಕಿ.

ವಿಚ್ಛೇದನವಾದರೆ ಬೇಕಾದದ್ದು ‘ಜಡ್ಜ್‌ಮೆಂಟ್’. ಕ್ಯಾಲಿಫೋರ್ನಿಯದಲ್ಲಿ ಅದರ ನಮೂನೆ ಎಫ್‌ಎಲ್-180. ಅದರ ಬೆನ್ನಿಗೇ ಬರುವ ಎಫ್‌ಎಲ್-190 ತೀರ್ಪು ದಾಖಲಾದ ಸೂಚನೆ ಮಾತ್ರ. ಎಷ್ಟೋ ಜನ ಅದನ್ನೇ ಡಿಕ್ರಿ ಎಂದು ತರಿಸಿಕೊಳ್ಳುತ್ತಾರೆ. ವಿಚಾರಣೆಯ ದಿನ ಗುಮಾಸ್ತರು ಬರೆದಿಡುವ ಮಿನಿಟ್ ಆರ್ಡರ್ ಕೂಡ ಡಿಕ್ರಿ ಅಲ್ಲ. ಆಸ್ತಿ, ಮಕ್ಕಳು, ಜೀವನಾಂಶದ ಷರತ್ತುಗಳು ಹೆಚ್ಚಾಗಿ ತೀರ್ಪಿಗೆ ಲಗತ್ತಿಸಿದ ಒಪ್ಪಂದದಲ್ಲಿರುತ್ತವೆ. ಆದ್ದರಿಂದ ‘ಎಲ್ಲ ಲಗತ್ತುಗಳ ಸಮೇತ’ ಎಂದು ಬರೆಯದಿದ್ದರೆ ಮೇಲಿನ ಹಾಳೆಗಳಷ್ಟೇ ಬರುವ ಅಪಾಯವಿದೆ. ಒಂದೇ ಪ್ರಕರಣದಲ್ಲಿ ಎರಡು ತೀರ್ಪು ಕಂಡರೆ ಗಾಬರಿ ಬೇಡ. ಮೊದಲು ವಿವಾಹ ಸ್ಥಿತಿಯನ್ನಷ್ಟೇ ಮುಗಿಸಿ ಆಸ್ತಿಯ ವಿಷಯವನ್ನು ಮುಂದಕ್ಕೆ ಹಾಕುವ ಪದ್ಧತಿ ಅಲ್ಲಿದೆ. ಮರುಮದುವೆಗೆ ಮೊದಲನೆಯದು ಮುಖ್ಯ, ಆಸ್ತಿಗೆ ಎರಡನೆಯದು.

ಹೆಸರು ಬದಲಾವಣೆಯಾದರೆ ಎನ್‌ಸಿ-130 ನಮೂನೆಯ ಡಿಕ್ರಿ ಕೇಳಿ, ಅರ್ಜಿಯ ಪ್ರತಿಯಲ್ಲ. ಹಣದ ದಾವೆಯಾದರೆ ತೀರ್ಪಿನ ಜೊತೆಗೆ ಸಮನ್ಸ್ ಜಾರಿಯಾದ ದಾಖಲೆಯನ್ನೂ ತರಿಸಿ. ಎದುರು ಪಕ್ಷಕ್ಕೆ ತಿಳಿಸಿದ್ದರೇ ಎಂಬ ಪ್ರಶ್ನೆ ಭಾರತದಲ್ಲಿ ಏಳುವುದು ಖಚಿತ. ವಿಚ್ಛೇದನಕ್ಕೂ ಇದೇ ಮಾತು, ಅದರಲ್ಲೂ ಒಬ್ಬರ ಗೈರುಹಾಜರಿಯಲ್ಲಿ ಆದ ತೀರ್ಪಿಗೆ.

ಎರಡು ವಸ್ತುಗಳನ್ನು ಕಡತದಲ್ಲಿ ನಿರೀಕ್ಷಿಸಬೇಡಿ. ಸಾಕ್ಷಿಗಳ ಹೇಳಿಕೆಯ ಪೂರ್ಣ ಪಾಠ ಬೇಕಾದರೆ, ಅದನ್ನು ಮಾತುಮಾತಿಗೆ ಬರೆದುಕೊಳ್ಳುವ ಕೋರ್ಟ್ ರಿಪೋರ್ಟರ್‌ಗೆ ಬೇರೆಯಾಗಿ ಹಣ ಕೊಟ್ಟು ತರಿಸಬೇಕು, ಅದೂ ಆ ದಿನ ರಿಪೋರ್ಟರ್ ಇದ್ದಿದ್ದರೆ. ವಿಚಾರಣೆಯಲ್ಲಿ ಸಾಕ್ಷ್ಯವಾಗಿ ತೋರಿಸಿದ ವಸ್ತು, ಕಾಗದಗಳನ್ನು (ನಿಶಾನೆಗಳನ್ನು) ಪ್ರಕರಣ ಮುಗಿದ ಮೇಲೆ ಪಕ್ಷಗಾರರಿಗೆ ಹಿಂದಿರುಗಿಸುವುದು ಅಥವಾ ನಾಶ ಮಾಡುವುದು ವಾಡಿಕೆ.

ಹಂತ 5: ಆ ದಾಖಲೆ ಇನ್ನೂ ಇದೆಯೇ, ನಿಮಗೆ ಸಿಗುವಂಥದ್ದೇ

ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಸಾಮಾನ್ಯ ಸಿವಿಲ್ ಕಡತವನ್ನು 10 ವರ್ಷ, ಕೌಟುಂಬಿಕ ಕಡತವನ್ನು 30 ವರ್ಷ ಇಡಬೇಕು. ದೊಡ್ಡ ಮೊತ್ತದ, ಅಂದರೆ ಅನ್‌ಲಿಮಿಟೆಡ್ ಸಿವಿಲ್ ಪ್ರಕರಣದ ತೀರ್ಪನ್ನು ಶಾಶ್ವತವಾಗಿ ಇಡುತ್ತಾರೆ. ಈಗ ಆ ಗಡಿ 35,000 ಡಾಲರ್, 2024ಕ್ಕೆ ಮುಂಚೆ 25,000 ಇತ್ತು. ಕಡತ ನಾಶವಾಗಿದ್ದರೂ ತೀರ್ಪು ಉಳಿದಿರಬಹುದು ಎಂಬುದು ಇದರ ಅರ್ಥ. ಹಳೆಯ ಕಡತಗಳು ಮೈಕ್ರೊಫಿಲ್ಮಿನಲ್ಲಿ ಅಥವಾ ಊರಾಚೆಯ ಗೋದಾಮಿನಲ್ಲಿ ಇರುತ್ತವೆ. ತರಿಸಲು ಹೆಚ್ಚು ದಿನ ಹಿಡಿಯುತ್ತದೆ.

ಕ್ಯಾಲಿಫೋರ್ನಿಯದಲ್ಲಿ ಸಿವಿಲ್ ಕಡತ ಸಾಮಾನ್ಯವಾಗಿ ಸಾರ್ವಜನಿಕ. ಕೇಳುವವರು ಸಂಬಂಧಿಯೇ ಆಗಬೇಕಿಲ್ಲ, ಕಾರಣವನ್ನೂ ಹೇಳಬೇಕಿಲ್ಲ. ನ್ಯಾಯಾಧೀಶರು ಮುದ್ರೆ ಹಾಕಿ ಮುಚ್ಚಿದವು, ದತ್ತು ಪ್ರಕರಣಗಳು, ಶುಲ್ಕ ವಿನಾಯಿತಿಯ ಅರ್ಜಿಗಳು ಹೊರತು. ನ್ಯೂಯಾರ್ಕಿನಲ್ಲಿ ವಿಚ್ಛೇದನದ ಕಡತ ಪಕ್ಷಗಾರರಿಗೂ ಅವರ ವಕೀಲರಿಗೂ ಮಾತ್ರ. ಅಲ್ಲಿ ಸ್ನೇಹಿತರನ್ನು ಕಳಿಸುವುದಾದರೆ ನೋಟರಿಯ ಮುಂದೆ ಸಹಿ ಮಾಡಿದ ಅಧಿಕಾರಪತ್ರ ಬೇಕಾಗುತ್ತದೆ. ಕರ್ನಾಟಕದಲ್ಲಿ ಇರುವವರಿಗೆ ಅಮೆರಿಕದ ನೋಟರಿ ಸೇವೆ ಚೆನ್ನೈ ಕಾನ್ಸುಲೇಟಿನಲ್ಲಿ ಮುಂಗಡ ಸಮಯ ಪಡೆದು ಸಿಗುತ್ತದೆ, ಒಂದು ಮುದ್ರೆಗೆ 50 ಡಾಲರ್.

ಹಂತ 6: ಅರ್ಜಿ ಬರೆದು ಕಳಿಸುವುದು

ಆರ್‌ಟಿಐ ಅಭ್ಯಾಸ ಇರುವ ನಮ್ಮವರು ‘ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ’ ಎಂದು ಶುರು ಮಾಡುತ್ತಾರೆ. ಅದು ಬೇಡ. ಅಮೆರಿಕದ ಆ ಕಾಯ್ದೆ ಫೆಡರಲ್ ಇಲಾಖೆಗಳಿಗೆ, ಕೋರ್ಟುಗಳಿಗಲ್ಲ. ಕೌಂಟಿಯ ತಾಣದಲ್ಲಿ ಪ್ರತಿ ಕೋರುವ ನಮೂನೆ ಇದ್ದರೆ ಅದನ್ನೇ ತುಂಬಿ. ಇಲ್ಲದಿದ್ದರೆ ಒಂದು ಪುಟದ ಪತ್ರ ಸಾಕು, ಇಂಗ್ಲಿಷಿನಲ್ಲಿ, ಬೆರಳಚ್ಚಿನಲ್ಲಿ. ಒಂದು ಪ್ರಕರಣಕ್ಕೆ ಒಂದು ಪತ್ರ. ಸಾಲುಗಳ ಕ್ರಮ ಹೀಗಿರಲಿ:

1. ಪ್ರಕರಣ ಸಂಖ್ಯೆ, ಅಕ್ಷರಗಳ ಸಮೇತ.
2. ಕಡತದಲ್ಲಿ ಇರುವ ಹಾಗೆಯೇ ಪಕ್ಷಗಾರರ ಹೆಸರು. ತಪ್ಪು ಕಾಗುಣಿತ ಇದ್ದರೆ ಅದೇ ತಪ್ಪಿನೊಂದಿಗೆ.
3. ದಾಖಲೆಯ ಹೆಸರು ಮತ್ತು ಸಲ್ಲಿಕೆಯಾದ ದಿನ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಗೊಂದಲವಿಲ್ಲ.
4. ಎಲ್ಲ ಲಗತ್ತುಗಳ ಸಮೇತ, ಸರ್ಟಿಫೈಡ್, ಇಷ್ಟು ಪ್ರತಿ.
5. ವಿದೇಶದಲ್ಲಿ ಬಳಸಲು ಅಪೊಸ್ಟಿಲ್ ಮಾಡಿಸಲಿದ್ದೇವೆ ಎಂಬ ಮಾತು. ಇದನ್ನು ಓದಿದ ಕ್ಲರ್ಕ್ ಸಹಿಯ ಕೆಳಗೆ ತಮ್ಮ ಹೆಸರನ್ನು ಸ್ಪಷ್ಟವಾಗಿ ಬರೆಯುವ ಸಾಧ್ಯತೆ ಹೆಚ್ಚು.
6. ಹಣ ಹೇಗೆ ಕಳಿಸಿದ್ದೀರಿ, ಕಾಗದ ಎಲ್ಲಿಗೆ ಬರಬೇಕು, ಸಂಪರ್ಕಿಸುವುದು ಹೇಗೆ.

ಶುಲ್ಕದ ಲೆಕ್ಕ ಕ್ಯಾಲಿಫೋರ್ನಿಯದಲ್ಲಿ ಸುಲಭ. ಪ್ರತಿ ಪುಟಕ್ಕೆ 50 ಸೆಂಟ್. ಸಿಬ್ಬಂದಿ ಹುಡುಕಲು ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿದರೆ 15 ಡಾಲರ್. ವಿಚ್ಛೇದನದ ದಾಖಲೆಯ ಸರ್ಟಿಫೈಡ್ ಪ್ರತಿಗೆ 15 ಡಾಲರ್, ಉಳಿದ ಸಿವಿಲ್ ಕಾಗದಗಳ ದೃಢೀಕರಣಕ್ಕೆ ಅದಕ್ಕಿಂತ ಹೆಚ್ಚು. ಕಳಿಸುವ ದಿನವೇ ಕೌಂಟಿಯ ಶುಲ್ಕಪಟ್ಟಿ ನೋಡಿ. ಪುಟಗಳ ಸಂಖ್ಯೆ ಗೊತ್ತಿಲ್ಲದಿದ್ದರೆ ಮೊತ್ತದ ಜಾಗ ಖಾಲಿ ಬಿಟ್ಟು, ‘ಇಷ್ಟು ಡಾಲರಿಗೆ ಮೀರದಂತೆ’ ಎಂದು ಚೆಕ್ಕಿನ ಮೇಲೆ ಬರೆದು ಕೊಡುವ ಪದ್ಧತಿಯನ್ನು ಹಲವು ಕೋರ್ಟುಗಳು ಒಪ್ಪುತ್ತವೆ. ಚೆಕ್ ಮಾತ್ರ ಅಮೆರಿಕದ ಬ್ಯಾಂಕಿನ ಮೇಲಿನದೇ ಆಗಿರಬೇಕು. ಬೆಂಗಳೂರಿನ ಶಾಖೆಯ ಚೆಕ್ ಕಳಿಸಿದರೆ ಲಕೋಟೆ ಮರಳಿ ಬರುತ್ತದೆ.

ಜೊತೆಗೆ ಸ್ವವಿಳಾಸ ಬರೆದು ಅಮೆರಿಕದ ಅಂಚೆಚೀಟಿ ಹಚ್ಚಿದ ಲಕೋಟೆ ಇರಬೇಕು. ಭಾರತದ ಅಂಚೆಚೀಟಿ ಅಲ್ಲಿ ನಡೆಯುವುದಿಲ್ಲ ಎಂದು ಹೇಳುವ ಅಗತ್ಯವಿರಬಾರದು, ಆದರೂ ಹೇಳುತ್ತಿದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ, ಆ ಕೌಂಟಿಯಲ್ಲಿ ಅಥವಾ ಹತ್ತಿರದಲ್ಲಿ ನಂಬಿಕಸ್ಥರು ಯಾರಾದರೂ ಇದ್ದರೆ ಅಂಚೆಯನ್ನು ಬಿಟ್ಟು ಅವರನ್ನೇ ಕೌಂಟರಿಗೆ ಕಳಿಸುವುದು ಮೇಲು. ಪುಟ ಎಣಿಸಿ, ಹಣ ಕಟ್ಟಿ, ಮುದ್ರೆ ನೋಡಿಕೊಂಡೇ ಹೊರಡಬಹುದು. ಹೋಗುವವರಿಗೆ ಒಂದು ಕಿವಿಮಾತು: ‘ನನಗೆ ಯಾವ ಕಾಗದ ಬೇಕಾಗುತ್ತದೆ?’ ಎಂದು ಕೇಳಬೇಡಿ. ಕ್ಲರ್ಕ್ ಕಾನೂನು ಸಲಹೆ ಕೊಡುವಂತಿಲ್ಲ, ಹಾಗೆಂದೇ ಹೇಳಿ ಕಳಿಸುತ್ತಾರೆ. ‘ಇಂಥ ದಿನ ಸಲ್ಲಿಕೆಯಾದ ಇಂಥ ಕಾಗದ’ ಎಂದು ಗುರುತು ಹಾಕಿದ ಪಟ್ಟಿ ತೋರಿಸಿದರೆ ಅದೇ ಕ್ಲರ್ಕ್ ತುಂಬ ನೆರವಾಗುತ್ತಾರೆ.

ಹಂತ 7: ಬಂದ ಪ್ರತಿಯನ್ನು ನೋಡುವುದು

ಪುಟಗಳನ್ನು ಎಣಿಸಿ. ಮುದ್ರೆ, ಸಹಿ, ಸಹಿ ಮಾಡಿದವರ ಹೆಸರು, ದೃಢೀಕರಿಸಿದ ದಿನಾಂಕ ಇವೆಯೇ ನೋಡಿ. ತೀರ್ಪಿನ ಮೇಲೆ ನ್ಯಾಯಾಧೀಶರ ಸಹಿಯೂ ಸಲ್ಲಿಕೆಯ ಮೊಹರೂ ಇರಬೇಕು. ಮೊಹರಿಲ್ಲದ ತೀರ್ಪು ಕರಡು ಇದ್ದೀತು. ಎಫ್‌ಎಲ್-180ರಲ್ಲಿ ವಿವಾಹ ಸ್ಥಿತಿ ಕೊನೆಗೊಳ್ಳುವ ದಿನಾಂಕವನ್ನು ಬೇರೆಯಾಗಿ ನಮೂದಿಸಿರುತ್ತಾರೆ. ಅದು ತೀರ್ಪಿನ ದಿನವೇ ಆಗಿರಬೇಕಿಲ್ಲ. ಎದುರು ಪಕ್ಷಕ್ಕೆ ಸಮನ್ಸ್ ತಲುಪಿ ಆರು ತಿಂಗಳು ಕಳೆಯುವ ತನಕ ಮದುವೆ ಮುಗಿಯುವುದಿಲ್ಲ ಎಂಬುದು ಅಲ್ಲಿನ ನಿಯಮ. ಮರುಮದುವೆಯ ದಿನಾಂಕ ಇದಕ್ಕಿಂತ ಹಿಂದಿನದಾಗಿದ್ದರೆ ಕೂಡಲೇ ವಕೀಲರನ್ನು ಕಾಣಿ.

ಮಿಂಚಂಚೆಯಲ್ಲಿ ಎಲೆಕ್ಟ್ರಾನಿಕ್ ಮುದ್ರೆಯ ಪ್ರತಿ ಬೇಕೇ ಎಂದು ಕೋರ್ಟು ಕೇಳಿದರೆ ಒಪ್ಪುವ ಮುನ್ನ ಯೋಚಿಸಿ. ಅದರ ಮುದ್ರಿತ ಪ್ರತಿಯನ್ನು ಅಪೊಸ್ಟಿಲ್ ಕಚೇರಿಯೂ ಊರಿನ ಕೋರ್ಟೂ ತೆಗೆದುಕೊಳ್ಳುತ್ತವೆಯೇ ಎಂದು ತಿಳಿಯುವವರೆಗೆ ಕಾಗದದ ಪ್ರತಿಯೇ ಸುರಕ್ಷಿತ.

ಹಂತ 8: ಅಪೊಸ್ಟಿಲ್

ಅಪೊಸ್ಟಿಲ್ ಒಪ್ಪಂದ ಭಾರತಕ್ಕೆ ಅನ್ವಯವಾಗತೊಡಗಿದ್ದು 2005ರಲ್ಲಿ. ಅಮೆರಿಕವೂ ಅದರಲ್ಲಿದೆ. ಕ್ಲರ್ಕ್ ಸಹಿ ನಿಜವಾದದ್ದು ಎಂದು ಆ ರಾಜ್ಯ ಹೇಳುವ ಹಾಳೆ ಇದು. ಒಳಗಿನ ತೀರ್ಪು ಸರಿ ಎಂದು ಅದು ಹೇಳುವುದಿಲ್ಲ.

ಕೋರ್ಟು ಯಾವ ರಾಜ್ಯದ್ದೋ ಆ ರಾಜ್ಯವೇ ಅಪೊಸ್ಟಿಲ್ ಕೊಡಬೇಕು. ಟೆಕ್ಸಾಸಿನಲ್ಲಿ ವಾಸವಿರುವವರು ಕ್ಯಾಲಿಫೋರ್ನಿಯದ ಡಿಕ್ರಿಯನ್ನು ಆಸ್ಟಿನ್ನಿಗೆ ಕಳಿಸಿದರೆ ತಿರಸ್ಕೃತವಾಗುತ್ತದೆ. ವಾಷಿಂಗ್ಟನ್ನಿನ ವಿದೇಶಾಂಗ ಇಲಾಖೆ ಫೆಡರಲ್ ಕಾಗದಗಳಿಗೆ ಮಾತ್ರ. ಕ್ಯಾಲಿಫೋರ್ನಿಯದಲ್ಲಿ ಇದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ಕೆಲಸ. ಅಂಚೆಯಲ್ಲಿ ಸ್ಯಾಕ್ರಮೆಂಟೊಗೆ ಕಳಿಸಿದರೆ ಒಂದು ಅಪೊಸ್ಟಿಲ್‌ಗೆ 20 ಡಾಲರ್. ಸ್ಯಾಕ್ರಮೆಂಟೊ ಅಥವಾ ಲಾಸ್ ಏಂಜಲೀಸ್ ಕೌಂಟರಿನಲ್ಲಿ ಖುದ್ದಾಗಿ ಮಾಡಿಸಿದರೆ ಪ್ರತಿಯೊಬ್ಬ ಅಧಿಕಾರಿಯ ಸಹಿಗೆ ಇನ್ನೂ 6 ಡಾಲರ್. ಕಾಗದ ಯಾವ ದೇಶಕ್ಕೆ ಎಂದು ಕೇಳುವ ಜಾಗದಲ್ಲಿ ಭಾರತ ಎಂದು ಬರೆಯಿರಿ.

ಕೋರ್ಟಿನ ಸರ್ಟಿಫೈಡ್ ಪ್ರತಿಗೆ ಮೇಲೊಂದು ನೋಟರಿ ಸಹಿ ಹಾಕಿಸಲು ಕೆಲವು ಏಜೆಂಟರು ಹೇಳುತ್ತಾರೆ. ಅದರ ಅಗತ್ಯವಿಲ್ಲ. ಜೆರಾಕ್ಸ್ ಮೇಲೆ ನೋಟರಿ ಸಹಿ ಮಾಡಿಸಿ ಅದಕ್ಕೆ ಅಪೊಸ್ಟಿಲ್ ಪಡೆದರೆ ದೃಢವಾಗುವುದು ನೋಟರಿಯ ಸಹಿ, ಕೋರ್ಟಿನದಲ್ಲ. ಹಾಳೆಯ ಮೇಲೆ ಅಪೊಸ್ಟಿಲ್ ಎಂದಿದ್ದರೂ ಒಳಗಿನ ಸಹಿ ಯಾರದ್ದು ಎಂದು ಓದಿ ನೋಡಿ. ಕಡಿಮೆ ಖರ್ಚಿನಲ್ಲಿ ಮಾಡಿಸಿಕೊಡುತ್ತೇವೆ ಎನ್ನುವವರು ಈ ದಾರಿ ಹಿಡಿಯುವುದುಂಟು.

ಅಪೊಸ್ಟಿಲ್ ಹಾಳೆ ಡಿಕ್ರಿಗೆ ಪಿನ್ನಾಗಿ ಬರುತ್ತದೆ. ಸ್ಕ್ಯಾನ್ ಮಾಡಲು ಆ ಪಿನ್ನು ತೆಗೆಯಬೇಡಿ, ಅಂಗಡಿಯವರಿಗೂ ತೆಗೆಯಲು ಬಿಡಬೇಡಿ. ಬಿಚ್ಚಿ ಮತ್ತೆ ಸೇರಿಸಿದ ಗುರುತು ಕಂಡರೆ ಪಡೆಯುವ ಕಚೇರಿ ಅನುಮಾನಿಸುತ್ತದೆ, ಆಗ ಹಂತ 6ರಿಂದ ಪುನಃ ಶುರು ಮಾಡಬೇಕಾಗುತ್ತದೆ. ಹಾಳೆಗಳನ್ನು ಮಡಿಸಿಕೊಂಡೇ ಒಂದೊಂದಾಗಿ ಸ್ಕ್ಯಾನ್ ಮಾಡಿ.